ಸಿಎಸ್‌ಆರ್ ಹಣ ಯಾವ ಸಂಸ್ಥೆಗೆ ಸಿಗುತ್ತದೆ? ಟ್ರಸ್ಟ್ ಡೀಡ್‌ನಿಂದ ಬಳಕೆ ಪ್ರಮಾಣಪತ್ರದವರೆಗೆ ಪೂರ್ತಿ ದಾರಿ

"ನಮ್ಮದು ಟ್ರಸ್ಟ್ ಇದೆ, ಹತ್ತು ವರ್ಷದಿಂದ ಕೆಲಸ ಮಾಡ್ತಿದ್ದೀವಿ, ಕಂಪನಿಯವರು ದುಡ್ಡು ಕೊಡ್ತಾರಾ?" ಸಣ್ಣ ಸಂಸ್ಥೆಗಳ ಲೆಕ್ಕಪತ್ರದ ಕೆಲಸಕ್ಕೆ ಕೈಜೋಡಿಸುವ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೊಡುತ್ತಾರೆ. ಆದರೆ ಕೆಲಸ ಎಷ್ಟೇ ಚೆನ್ನಾಗಿರಲಿ, ಕಾಗದದಲ್ಲಿ ಒಂದು ತಾರೀಖು ಮುಗಿದುಹೋಗಿದ್ದರೆ ಕಂಪನಿಯವರಿಗೆ ಮನಸ್ಸಿದ್ದರೂ ಕೊಡಲು ಬರುವುದಿಲ್ಲ. ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡುವ ಒಂದು ಟ್ರಸ್ಟ್ ಹೀಗೇ ಒಂದು ವರ್ಷದ ಹಣ ಕಳೆದುಕೊಂಡಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಟ್ರಸ್ಟ್‌ನ ಕಥೆ ಮುಂದೆ ಬರುತ್ತದೆ. ಅಂಥ ನಷ್ಟ ಇನ್ನೊಬ್ಬರಿಗೆ ಆಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇದು ಎರಡೂ ಕಡೆಯವರಿಗೆ. ನೀವು ಸಂಸ್ಥೆ ನಡೆಸುವವರಾದರೆ ನಿಮ್ಮ ಫೈಲನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿ. ಕಂಪನಿಯಲ್ಲಿ ಈ ಕೆಲಸ ನೋಡಿಕೊಳ್ಳುವವರಾದರೆ, ನಿಮ್ಮ ಹತ್ತಿರ ಬಂದ ಸಂಸ್ಥೆಯನ್ನು ಇದೇ ಸಾಲಿನಲ್ಲಿ ಪರಿಶೀಲಿಸಬಹುದು.

ಮೊದಲ ಹಂತ: ದುಡ್ಡು ಯಾವ ಲೆಕ್ಕದಿಂದ ಬರುತ್ತಿದೆ?

ಕಂಪನಿ ಕೊಡುವ ಹಣವೆಲ್ಲ ಸಿಎಸ್‌ಆರ್ ಅಲ್ಲ. ಸಿಎಸ್‌ಆರ್ ಎಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಕಾಯ್ದೆ ಪ್ರಕಾರ ಸಮಾಜಕ್ಕಾಗಿ ಮಾಡಲೇಬೇಕಾದ ಖರ್ಚು. ಇದನ್ನು ಶುರುವಿನಲ್ಲೇ ಕೇಳಿ ತಿಳಿದುಕೊಳ್ಳಿ, ಯಾಕೆಂದರೆ ನಿಯಮಗಳೆಲ್ಲ ಇಲ್ಲಿಂದಲೇ ಬೇರೆಯಾಗುತ್ತವೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ಕಂಪನಿಯ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ್ದರೆ, ಈ ಮೂರರಲ್ಲಿ ಯಾವುದೊಂದು ಆಗಿದ್ದರೂ ಸಾಕು, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಸರಾಸರಿ ಲಾಭ 20 ಕೋಟಿ ಇದ್ದರೆ 40 ಲಕ್ಷ. ಈ ಮೊತ್ತ 50 ಲಕ್ಷ ದಾಟದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಕಿಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನ ಮಾಡುತ್ತದೆ. ಅಂದರೆ ಮಧ್ಯಮ ಗಾತ್ರದ ಕಂಪನಿಯಲ್ಲಿ ನೀವು ಇಬ್ಬರು ಮೂವರು ನಿರ್ದೇಶಕರನ್ನು ಒಪ್ಪಿಸಿದರೆ ಆಯಿತು. ಸಣ್ಣ ಸಂಸ್ಥೆಗಳು ಸುಮ್ನೆ ದೊಡ್ಡ ಹೆಸರಿನ ಕಂಪನಿಗಳ ಹಿಂದೆಯೇ ಓಡುತ್ತವೆ. ನಿಮ್ಮ ತಾಲ್ಲೂಕಿನ ಕೈಗಾರಿಕಾ ಪ್ರದೇಶದಲ್ಲೇ ಇರುವ ಇಂಥ ಕಂಪನಿಯ ಬಾಗಿಲು ಮೊದಲು ತಟ್ಟಿ. ತಾನಿರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ಇನ್ನೊಂದು, ಸಾದಾ ದೇಣಿಗೆ. ಯಾವ ಕಂಪನಿ ಬೇಕಾದರೂ, 135ನೇ ಸೆಕ್ಷನ್‌ಗೆ ಬಾರದ ಸಣ್ಣ ಕಂಪನಿಯೂ, ನಿಜವಾದ ಧರ್ಮಾರ್ಥ ನಿಧಿಗೆ ದೇಣಿಗೆ ಕೊಡಬಹುದು. 181ನೇ ಸೆಕ್ಷನ್ ಪ್ರಕಾರ ವರ್ಷದ ಮೊತ್ತ ಮೂರು ವರ್ಷದ ಸರಾಸರಿ ಲಾಭದ ಶೇ. 5 ದಾಟಿದರೆ ಷೇರುದಾರರ ಸಭೆಯ ಒಪ್ಪಿಗೆ ಬೇಕು, ಅಷ್ಟೇ. ಇಲ್ಲಿ ಕಂಪನಿಯವರು ಕೇಳುವುದು ಮುಖ್ಯವಾಗಿ 80ಜಿ ರಸೀದಿ, ಅಂದರೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ರಸೀದಿ.

ಮುಂದೆ ಹೇಳುವ ಬಿಗಿ ಷರತ್ತುಗಳೆಲ್ಲ ಸಿಎಸ್‌ಆರ್‌ಗೆ.

ಎರಡನೇ ಹಂತ: ನಿಮ್ಮ ಸಂಸ್ಥೆ ಯಾವ ರೂಪದಲ್ಲಿ ನೋಂದಣಿ ಆಗಿದೆ?

ಸಿಎಸ್‌ಆರ್ ನಿಯಮಗಳನ್ನು 2021ರ ಜನವರಿ 22ರಂದು ಗಟ್ಟಿಯಾಗಿ ತಿದ್ದಲಾಯಿತು. ಅದರ 4ನೇ ನಿಯಮದ ಪ್ರಕಾರ ಕಂಪನಿ ತಾನೇ ನೇರವಾಗಿ ಕೆಲಸ ಮಾಡಬಹುದು, ಇಲ್ಲವೇ ಮೂರು ರೂಪದ ಸಂಸ್ಥೆಗಳ ಮೂಲಕ ಮಾಡಿಸಬಹುದು. ನೋಂದಾಯಿತ ಸಾರ್ವಜನಿಕ ಟ್ರಸ್ಟ್, ನೋಂದಾಯಿತ ಸೊಸೈಟಿ, ಮತ್ತು ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಅಡಿ ಲಾಭದ ಉದ್ದೇಶವಿಲ್ಲದೆ ಕಟ್ಟಿದ ಕಂಪನಿ. ಇವಲ್ಲದೆ ಸಂಸತ್ತು ಅಥವಾ ವಿಧಾನಮಂಡಲದ ಕಾಯ್ದೆಯಿಂದ ಹುಟ್ಟಿದ ಸಂಸ್ಥೆಗಳು, ಸರ್ಕಾರವೇ ಕಟ್ಟಿದ ಟ್ರಸ್ಟ್ ಮತ್ತು ಸೊಸೈಟಿಗಳು ಕೂಡ ಆಗುತ್ತವೆ.

ಟ್ರಸ್ಟ್ ಮುಂದಿನ 'ಸಾರ್ವಜನಿಕ' ಎಂಬ ಪದವನ್ನು ಗಮನಿಸಿ. ಖಾಸಗಿ ಟ್ರಸ್ಟ್ ನಡೆಯುವುದಿಲ್ಲ. ಅಪ್ಪನ ಹೆಸರಿನಲ್ಲಿ ಮಕ್ಕಳು ಟ್ರಸ್ಟ್ ಮಾಡುತ್ತಾರೆ, ಉದ್ದೇಶ ಒಳ್ಳೆಯದೇ ಇರುತ್ತದೆ, ಆದರೆ ಡೀಡ್‌ನ, ಅಂದರೆ ಟ್ರಸ್ಟ್ ಕಟ್ಟಿದ ಪತ್ರದ ಮಧ್ಯದಲ್ಲೆಲ್ಲೋ 'ನಮ್ಮ ವಂಶಸ್ಥರ ವಿದ್ಯಾಭ್ಯಾಸಕ್ಕೆ' ಎಂಬ ಒಂದು ಸಾಲು ಉಳಿದುಬಿಟ್ಟಿರುತ್ತದೆ. ಕಂಪನಿಯ ವಕೀಲರು ಡೀಡ್ ಓದುವಾಗ ಮೊದಲು ಹುಡುಕುವುದು ಇಂಥ ಸಾಲುಗಳನ್ನೇ. ನಿಮ್ಮ ಡೀಡ್ ತೆಗೆದು ಇವತ್ತೇ ಮೂರು ಜಾಗ ಓದಿ. ಫಲಾನುಭವಿಗಳು ಯಾರು, ಸಂಸ್ಥೆ ಮುಚ್ಚಿದರೆ ಆಸ್ತಿ ಯಾರಿಗೆ ಹೋಗುತ್ತದೆ, ಟ್ರಸ್ಟಿಗಳಿಗೆ ಏನಾದರೂ ಲಾಭ ಸಿಗುತ್ತದಾ. ಮುಚ್ಚಿದಾಗ ಆಸ್ತಿ ಇದೇ ಉದ್ದೇಶದ ಇನ್ನೊಂದು ಧರ್ಮಾರ್ಥ ಸಂಸ್ಥೆಗೆ ಹೋಗಬೇಕು. ಸ್ಥಾಪಕರ ಮನೆಗೆ ಮರಳುವಂತಿದ್ದರೆ ಮೊದಲು ವಕೀಲರ ಹತ್ತಿರ ಅದನ್ನು ಸರಿಪಡಿಸಿಕೊಂಡು ಆಮೇಲೆ ಮುಂದಿನ ಹೆಜ್ಜೆ ಇಡಿ.

ಸೊಸೈಟಿ ಆದರೆ ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ರಿಜಿಸ್ಟ್ರಾರ್ ಕಚೇರಿಗೆ ಕೊಡಬೇಕು. ಬಹಳ ಸಂಘಗಳು ಇದನ್ನು ಐದಾರು ವರ್ಷ ಮರೆತಿರುತ್ತವೆ. ಕಂಪನಿ ಕೇಳಿದಾಗ ದಂಡ ಕಟ್ಟಿ ಒಟ್ಟಿಗೆ ಸಲ್ಲಿಸಲು ಓಡಾಡುತ್ತವೆ.

ಸ್ವಸಹಾಯ ಸಂಘ, ಸಹಕಾರ ಸಂಘ, ರೈತ ಉತ್ಪಾದಕರ ಕಂಪನಿ, ನೋಂದಣಿ ಆಗದ ಯುವಕ ಮಂಡಲ, ಇವು ಅನುಷ್ಠಾನ ಸಂಸ್ಥೆಗಳ ಈ ಪಟ್ಟಿಯಲ್ಲಿ ಇಲ್ಲ. ಆದರೆ ಬೇಸರ ಬೇಡ, ಫಲಾನುಭವಿಯಾಗಿ ಬರಬಹುದು. ಸಿಎಸ್‌ಆರ್ ಹಣದಿಂದ ಕೊಂಡ ಆಸ್ತಿ, ಉದಾಹರಣೆಗೆ ರೊಟ್ಟಿ ಮಾಡುವ ಯಂತ್ರ, ಫಲಾನುಭವಿ ಮಹಿಳೆಯರ ಸ್ವಸಹಾಯ ಸಂಘದ ಹೆಸರಿನಲ್ಲೇ ಇರಬಹುದು ಎಂದು ನಿಯಮದಲ್ಲಿದೆ.

ಮೂರನೇ ಹಂತ: 12ಎ ಮತ್ತು 80ಜಿ. ಜಾಸ್ತಿ ಜನ ಬೀಳುವುದು ಇಲ್ಲೇ

ಎರಡೂ ಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಆಗುವುದಿಲ್ಲ. 12ಎ ಎಂದರೆ ನಿಮ್ಮ ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ, 80ಜಿ ಎಂದರೆ ನಿಮಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ. ಕೆಲವು ಆಸ್ಪತ್ರೆ, ವಿದ್ಯಾಸಂಸ್ಥೆಗಳಿಗೆ 12ಎ ಬದಲು 10(23ಸಿ) ಅಡಿ ವಿನಾಯಿತಿ ಇರುತ್ತದೆ, ಅದೂ ನಡೆಯುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಆಗಿದ್ದು, ಅದರಲ್ಲಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಆದರೂ ಆಡಿಟರ್‌ಗಳು, ಕಂಪನಿಯವರು ಎಲ್ಲರೂ ಹಳೆಯ ನಂಬರಿನಲ್ಲೇ ಮಾತಾಡುವುದರಿಂದ ನಾನೂ ಅದನ್ನೇ ಬಳಸುತ್ತಿದ್ದೇನೆ.

ಸಿಎಸ್‌ಆರ್ ಖರ್ಚನ್ನು ವ್ಯವಹಾರದ ಖರ್ಚು ಎಂದು ತೋರಿಸಿ ಕಂಪನಿ ತೆರಿಗೆ ಉಳಿಸುವಂತಿಲ್ಲವಲ್ಲ, ಮತ್ತೆ 80ಜಿ ಯಾಕೆ ಎಂದು ಕೆಲವರು ವಾದ ಮಾಡುತ್ತಾರೆ. ಕಂಪನಿಗೆ ತೆರಿಗೆ ಉಳಿಯುತ್ತೋ ಇಲ್ಲವೋ ಬೇರೆ ಮಾತು. ನಿಮ್ಮ ಹತ್ತಿರ ಅದು ಇರಬೇಕು ಎಂಬುದು ಅರ್ಹತೆಯ ಷರತ್ತು.

ಈಗ ಆ ಸಂಜೆ ಶಾಲೆಯ ಟ್ರಸ್ಟ್ ವಿಷಯ. ಮೊದಲ ಸಲ ಅರ್ಜಿ ಹಾಕಿದವರಿಗೆ ತಾತ್ಕಾಲಿಕ ನೋಂದಣಿ ಮೂರು ವರ್ಷಕ್ಕೆ ಸಿಗುತ್ತದೆ. ಅದು ಮುಗಿಯುವ ಆರು ತಿಂಗಳ ಮೊದಲು, ಅಥವಾ ಕೆಲಸ ಶುರು ಮಾಡಿದ ಆರು ತಿಂಗಳೊಳಗೆ, ಎರಡರಲ್ಲಿ ಯಾವುದು ಮೊದಲೋ ಆಗ ಫಾರ್ಮ್ 10ಎಬಿ ಹಾಕಿ ಕಾಯಂ ನೋಂದಣಿ ಕೇಳಬೇಕು. ಇವರ ಆಫೀಸಿನ ಗೋಡೆಯ ಮೇಲೆ 80ಜಿ ಆದೇಶಕ್ಕೆ ಫ್ರೇಮ್ ಹಾಕಿಸಿ ತೂಗುಹಾಕಿದ್ದರು, ಅದರಲ್ಲಿ 'ತಾತ್ಕಾಲಿಕ' ಎಂಬ ಪದವೂ ಇತ್ತು, ಯಾವ ವರ್ಷದವರೆಗೆ ಎಂಬುದೂ ಇತ್ತು. ಕಂಪನಿಯವರು ಜಾಗ ನೋಡಿ, ಮಕ್ಕಳ ಜೊತೆ ಕೂತು ಮಾತಾಡಿ, ಎಲ್ಲ ಒಪ್ಪಿಕೊಂಡು, ಹೊರಡುವಾಗ ಆ ಫ್ರೇಮಿನ ಫೋಟೋ ತೆಗೆದುಕೊಂಡು ಹೋದರು. ಎರಡು ದಿನ ಬಿಟ್ಟು ಫೋನ್ ಬಂತು, ಅವಧಿ ಮುಗಿದು ನಾಲ್ಕು ತಿಂಗಳಾಗಿದೆ ಎಂದು. ಮತ್ತೆ ಅರ್ಜಿ ಹಾಕಿ ಆದೇಶ ಬರುವ ಹೊತ್ತಿಗೆ ಮಾರ್ಚ್ ಕಳೆದಿತ್ತು, ಆ ವರ್ಷದ ಹಣ ಇನ್ನೊಂದು ಸಂಸ್ಥೆಗೆ ಹೋಗಿತ್ತು. ಯಾರೂ ಮೋಸ ಮಾಡಿರಲಿಲ್ಲ, ಯಾರೂ ಸೋಮಾರಿಗಳಲ್ಲ, ತಾರೀಖು ನೋಡುವ ಕೆಲಸ ಯಾರದು ಎಂದು ಯಾರಿಗೂ ಹಂಚಿರಲಿಲ್ಲ.

ಕಾಯಂ ನೋಂದಣಿ ಎಂದರೂ ಅದು ಶಾಶ್ವತ ಅಲ್ಲ. 2021ರ ಏಪ್ರಿಲ್‌ನಿಂದ ಹಳೆಯ ಜೀವಮಾನದ ನೋಂದಣಿಗಳು ಹೋಗಿ ಎಲ್ಲರೂ ಹೊಸದಾಗಿ ಮಾಡಿಸಿಕೊಳ್ಳಬೇಕಾಯಿತು, ಹಾಗಾಗಿ ಬಹಳ ಸಂಸ್ಥೆಗಳಿಗೆ ಸಿಕ್ಕ ಐದು ವರ್ಷದ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುವಂತಿತ್ತು. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಆರು ತಿಂಗಳ ಮೊದಲೇ ಹಾಕಬೇಕು. 1990ರ ದಶಕದ 12ಎ ಪತ್ರವನ್ನೇ ಈಗಲೂ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡವರು ಇದ್ದಾರೆ. ಅದು ಈಗ ನೆನಪಿನ ಕಾಗದ ಮಾತ್ರ, ಹೊಸ ಆದೇಶ ಇದೆಯಾ ಎಂದು ಆಡಿಟರ್ ಹತ್ತಿರ ಕೇಳಿ.

ಇನ್ನೊಂದು ಸೂಕ್ಷ್ಮ ವಿಷಯ. ಒಂದು ಧರ್ಮದ ಸಮುದಾಯ ಅಥವಾ ಒಂದು ಜಾತಿಯ ಒಳಿತಿಗೆ ಮಾತ್ರ ಇರುವ ಸಂಸ್ಥೆಗೆ 80ಜಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳ ಒಳಿತಿಗಾಗಿ ಇರುವ ಸಂಸ್ಥೆಗಳಿಗೆ ಈ ಅಡ್ಡಿ ಇಲ್ಲ. ಸಮುದಾಯದ ಹೆಸರಿನಲ್ಲಿ ಹಾಸ್ಟೆಲ್ ನಡೆಸುವವರು ಬೈಲಾದ ಉದ್ದೇಶದ ಪುಟವನ್ನು ಇದಕ್ಕೆ ಹೋಲಿಸಿ ನೋಡಿಕೊಳ್ಳಿ.

ಹೆಸರಿನ ವ್ಯತ್ಯಾಸವನ್ನೂ ಈಗಲೇ ಸರಿಮಾಡಿ. ಡೀಡ್‌ನಲ್ಲಿ 'ಶ್ರೀ' ಇದೆ, ಪ್ಯಾನ್‌ನಲ್ಲಿ ಇಲ್ಲ. ಬ್ಯಾಂಕಿನಲ್ಲಿ 'ಟ್ರಸ್ಟ್' ಇದೆ, 80ಜಿಯಲ್ಲಿ 'ಚಾರಿಟೆಬಲ್ ಟ್ರಸ್ಟ್' ಇದೆ. ನೋಡಲು ಚಿಕ್ಕದು, ಆದರೆ ಮುಂದೆ ಪ್ರತಿ ಫಾರ್ಮ್‌ನಲ್ಲೂ ಅಡ್ಡ ಬರುತ್ತದೆ.

ನಾಲ್ಕನೇ ಹಂತ: ಮೂರು ವರ್ಷದ ಅನುಭವ, ಅದೂ ಅದೇ ಥರದ ಕೆಲಸದಲ್ಲಿ

ಕಂಪನಿಯೇ ಕಟ್ಟಿದ ಫೌಂಡೇಶನ್‌ಗೆ ಈ ಷರತ್ತು ಇಲ್ಲ. ಹೊರಗಿನ ಸಂಸ್ಥೆಯಾದರೆ, ಕೇಳುತ್ತಿರುವ ಕೆಲಸದಂಥದ್ದೇ ಕೆಲಸವನ್ನು ಕನಿಷ್ಠ ಮೂರು ವರ್ಷ ಮಾಡಿರಬೇಕು. ನೋಂದಣಿ ಆಗಿ ಮೂರು ವರ್ಷ ಆಗಿದ್ದರೆ ಸಾಕು ಎಂದುಕೊಳ್ಳಬೇಡಿ. ಹನ್ನೆರಡು ವರ್ಷದಿಂದ ವೃದ್ಧಾಶ್ರಮ ನಡೆಸುತ್ತಿರುವವರು ಶಾಲೆಗೆ ಕಂಪ್ಯೂಟರ್ ಲ್ಯಾಬ್ ಮಾಡಿಕೊಡುತ್ತೇವೆ ಎಂದು ಹೋದರೆ ಕಂಪನಿಯವರು ಹಿಂದೇಟು ಹಾಕುವುದು ಸರಿಯೇ.

ತೋರಿಸಬೇಕಾದ್ದು ಮೂರು ವರ್ಷದ ಆಡಿಟ್ ವರದಿ ಮತ್ತು ವಾರ್ಷಿಕ ವರದಿ. ಆಡಿಟ್‌ನಲ್ಲಿ ಖರ್ಚನ್ನು 'ಸಮಾಜ ಸೇವೆ' ಎಂದು ಒಂದೇ ಸಾಲಿನಲ್ಲಿ ಹಾಕಿಸಬೇಡಿ. ಶಿಕ್ಷಣಕ್ಕೆ ಇಷ್ಟು, ಆರೋಗ್ಯ ಶಿಬಿರಕ್ಕೆ ಇಷ್ಟು ಎಂದು ಬಿಡಿಸಿ ಬರೆಸಿದರೆ ಅದೇ ನಿಮ್ಮ ಅನುಭವದ ಸಾಕ್ಷಿ. ಫೋಟೋ ಆಲ್ಬಂಗಿಂತ ಇದಕ್ಕೆ ಬೆಲೆ ಜಾಸ್ತಿ.

ಐದನೇ ಹಂತ: ಸಿಎಸ್‌ಆರ್-1

2021ರ ಏಪ್ರಿಲ್ 1ರಿಂದ ಸಿಎಸ್‌ಆರ್ ಕೆಲಸ ಮಾಡುವ ಪ್ರತಿ ಸಂಸ್ಥೆಯೂ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಿಎಸ್‌ಆರ್-1 ಫಾರ್ಮ್ ತುಂಬಬೇಕು. ಸಂಸ್ಥೆಯ ಪ್ಯಾನ್, ನೋಂದಣಿ ಪತ್ರ, 12ಎ ಮತ್ತು 80ಜಿ ವಿವರ, ಪದಾಧಿಕಾರಿಗಳ ವಿವರ, ಅಧಿಕಾರ ಕೊಟ್ಟ ಠರಾವು, ಸಹಿ ಮಾಡುವವರ ಡಿಜಿಟಲ್ ಸಹಿ ಬೇಕು. ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ಒಬ್ಬರು ಪರಿಶೀಲಿಸಿ ದೃಢೀಕರಿಸಬೇಕು. ಸಲ್ಲಿಸಿದ ಮೇಲೆ ಸಿಎಸ್‌ಆರ್ ಎಂದು ಶುರುವಾಗುವ ಒಂದು ನೋಂದಣಿ ಸಂಖ್ಯೆ ಬರುತ್ತದೆ. ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲ್ ಸಂಖ್ಯೆ ಬೇರೆ, ಇದು ಬೇರೆ. ಕಂಪನಿಗಳು ಎರಡನ್ನೂ ಕೇಳುವುದುಂಟು, ದರ್ಪಣ್ ಕೂಡ ಮಾಡಿಸಿಟ್ಟುಕೊಳ್ಳಿ.

ಸಂಖ್ಯೆ ಸಿಕ್ಕಿತು ಎಂದರೆ ಅರ್ಹತೆ ಗ್ಯಾರಂಟಿ ಅಲ್ಲ. ಕಂಪನಿಯವರಿಗೆ ನನ್ನ ವಿನಂತಿ, ಸಂಖ್ಯೆ ಇದೆ ಎಂದು ಅಲ್ಲಿಗೇ ನಿಲ್ಲಬೇಡಿ, 80ಜಿ ಆದೇಶದ ಅವಧಿ ಮತ್ತು ಡೀಡ್ ಎರಡನ್ನೂ ಕಣ್ಣಾರೆ ನೋಡಿ. ಅರ್ಹತೆ ಇಲ್ಲದವರಿಗೆ ಕೊಟ್ಟ ಹಣ ಸಿಎಸ್‌ಆರ್ ಲೆಕ್ಕಕ್ಕೆ ಸೇರುವುದಿಲ್ಲ, ಆ ಬಾಧ್ಯತೆ ಹಾಗೇ ಉಳಿಯುತ್ತದೆ.

ಆರನೇ ಹಂತ: ಕೆಲಸ ಪಟ್ಟಿಯಲ್ಲಿ ಇದೆಯಾ?

ಸಂಸ್ಥೆ ಅರ್ಹವಾಗಿದ್ದರೂ ಯೋಜನೆ ಅರ್ಹವಾಗಿರಬೇಕು. ಕಂಪನಿ ಕಾಯ್ದೆಯ 7ನೇ ಪರಿಶಿಷ್ಟದಲ್ಲಿ ವಿಷಯಗಳ ಪಟ್ಟಿ ಇದೆ. ಹಸಿವು, ಅಪೌಷ್ಟಿಕತೆ, ಆರೋಗ್ಯ, ನೈರ್ಮಲ್ಯ, ಕುಡಿಯುವ ನೀರು, ಶಿಕ್ಷಣ, ಕೌಶಲ ತರಬೇತಿ, ಮಹಿಳಾ ಹಾಸ್ಟೆಲ್, ಅನಾಥಾಶ್ರಮ, ವೃದ್ಧಾಶ್ರಮ, ಪರಿಸರ, ಪ್ರಾಣಿಗಳ ಕ್ಷೇಮ, ಪಾರಂಪರಿಕ ಕಟ್ಟಡ ಮತ್ತು ಕಲೆ, ಸಾರ್ವಜನಿಕ ಗ್ರಂಥಾಲಯ, ಮಾಜಿ ಸೈನಿಕರು, ಗ್ರಾಮೀಣ ಕ್ರೀಡೆ, ಗ್ರಾಮಾಭಿವೃದ್ಧಿ, ಕೊಳೆಗೇರಿ ಅಭಿವೃದ್ಧಿ, ವಿಪತ್ತು ನಿರ್ವಹಣೆ. ಪಟ್ಟಿಯನ್ನು ಉದಾರವಾಗಿ ಅರ್ಥ ಮಾಡಿಕೊಳ್ಳಬೇಕು ಎಂದು ಸಚಿವಾಲಯವೇ ಹೇಳಿದೆ, ಆದ್ದರಿಂದ ನಿಮ್ಮ ಕೆಲಸ ಯಾವುದಾದರೂ ಒಂದರಲ್ಲಿ ಕೂರುವ ಸಾಧ್ಯತೆ ಜಾಸ್ತಿ. ಪ್ರೊಪೋಸಲ್‌ನ ಮೊದಲ ಪುಟದಲ್ಲೇ ಯಾವ ಅಂಶಕ್ಕೆ ಸೇರುತ್ತದೆ ಎಂದು ಬರೆದುಬಿಡಿ, ಕಂಪನಿಯವರ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಏನು ಆಗುವುದಿಲ್ಲ ಎಂಬುದು ಇನ್ನೂ ಮುಖ್ಯ. ಕಂಪನಿಯ ನೌಕರರಿಗಷ್ಟೇ ಅನುಕೂಲವಾಗುವ ಕೆಲಸ ಆಗುವುದಿಲ್ಲ. ರಾಜಕೀಯ ಪಕ್ಷಕ್ಕೆ ಕೊಡುವಂತಿಲ್ಲ. ಕಂಪನಿಯ ಸರಕಿಗೆ ಪ್ರಚಾರ ಸಿಗುವ ಪ್ರಾಯೋಜಕತ್ವ, ಒಂದು ದಿನದ ಮ್ಯಾರಥಾನ್, ಪ್ರಶಸ್ತಿ ಸಮಾರಂಭ, ಇವೂ ಇಲ್ಲ. ಭಾರತದ ಹೊರಗಿನ ಕೆಲಸಕ್ಕೂ ಇಲ್ಲ, ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಯೊಂದು ಬಿಟ್ಟು. ಸಂಸ್ಥೆಯ ಮೂಲನಿಧಿಗೆ, ಅಂದರೆ ಕಾರ್ಪಸ್‌ಗೆ ಹಾಕಿಕೊಳ್ಳುತ್ತೇವೆ ಎಂದು ಕೇಳುವುದು 2021ರ ಜನವರಿ 22ರ ನಂತರ ನಡೆಯುವುದಿಲ್ಲ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಪಿಎಂ ಕೇರ್ಸ್ ಪಟ್ಟಿಯಲ್ಲಿವೆ. ಮುಖ್ಯಮಂತ್ರಿ ಪರಿಹಾರ ನಿಧಿ ಪಟ್ಟಿಯಲ್ಲಿ ಇಲ್ಲ ಎಂದು 2020ರ ಏಪ್ರಿಲ್‌ನಲ್ಲಿ ಸಚಿವಾಲಯ ಸ್ಪಷ್ಟಪಡಿಸಿತು, ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟರೆ ಆಗುತ್ತದೆ ಎಂದೂ ಹೇಳಿತು. ದೇವಸ್ಥಾನದ ಜಾತ್ರೆ, ಪೂಜೆಗೆ ಸಿಎಸ್‌ಆರ್ ಇಲ್ಲ. ಹಳೆಯ ಐತಿಹಾಸಿಕ ಕಟ್ಟಡದ ಜೀರ್ಣೋದ್ಧಾರವನ್ನು ಪರಂಪರೆಯ ಅಂಶದಡಿ ಕೇಳಬಹುದು.

ವಿದೇಶಿ ಮೂಲದ ಕಂಪನಿ ಆದರೆ

ಭಾರತದಲ್ಲಿ ನೋಂದಣಿಯಾದ ಕಂಪನಿಯ ಷೇರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಿದೇಶಿಯರ ಕೈಯಲ್ಲಿದ್ದರೂ, ಆ ಹೂಡಿಕೆ ಆ ಕ್ಷೇತ್ರಕ್ಕೆ ನಿಗದಿಯಾದ ಮಿತಿಯೊಳಗೆ ಇದ್ದರೆ ಅದರ ದೇಣಿಗೆ ವಿದೇಶಿ ದೇಣಿಗೆ ಅಲ್ಲ. 2016ರಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ತಿದ್ದಿ ಹೀಗೆ ಮಾಡಿದರು. ಆದರೆ ಹಣ ಹೊರದೇಶದ ಮಾತೃಸಂಸ್ಥೆಯಿಂದ ನೇರವಾಗಿ ಬಂದರೆ ನಿಮಗೆ ಎಫ್‌ಸಿಆರ್‌ಎ ನೋಂದಣಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೇ ಬರಬೇಕು, ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಯಾವ ದೇಶದ, ಯಾವ ಖಾತೆಯಿಂದ ಹಣ ಬರುತ್ತದೆ ಎಂದು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಇಲ್ಲಿ ತಪ್ಪಾದರೆ ಸಂಸ್ಥೆಯೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ.

ಕಾಗದ ಇನ್ನೂ ಆಗಿಲ್ಲ, ಕೆಲಸ ಮಾತ್ರ ನಿಲ್ಲಿಸುವಂತಿಲ್ಲ

ಮೂರು ದಾರಿ ಇವೆ. ಕಂಪನಿ ತಾನೇ ನೇರವಾಗಿ ಕೆಲಸ ಮಾಡಬಹುದು ಎಂದೆನಲ್ಲ, ಅದನ್ನು ಬಳಸಿಕೊಳ್ಳಿ. ಊರಿನ ಸರ್ಕಾರಿ ಶಾಲೆಗೆ ಶೌಚಾಲಯ ಬೇಕಿದ್ದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಖಾತೆಗೆ ಹಣ ಹಾಕಿ ಎನ್ನುವ ಬದಲು, ಕಂಪನಿಯೇ ಗುತ್ತಿಗೆದಾರರಿಗೆ ನೇರ ಪಾವತಿ ಮಾಡಿ ಕಟ್ಟಿಸಲಿ, ಜಾಗ ತೋರಿಸುವುದು, ಇಲಾಖೆಯ ಒಪ್ಪಿಗೆ ತರುವುದು, ಮೇಲುಸ್ತುವಾರಿ ನಿಮ್ಮದಿರಲಿ. ಎರಡನೆಯದು, ಅರ್ಹತೆ ಇರುವ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಕೆಲಸ ಮಾಡುವುದು. ಹಣ ಮತ್ತು ಲೆಕ್ಕದ ಹೊಣೆ ಅವರದು, ಊರಿನ ಕೆಲಸ ನಿಮ್ಮದು, ಆದರೆ ಕಂಪನಿಗೆ ತಿಳಿಸಿ ಒಪ್ಪಂದದಲ್ಲಿ ಬರೆಸಿ ಮಾಡಿ, ಗುಟ್ಟಾಗಿ ಬೇಡ. ಅವರ ಮೂರು ವರ್ಷದ ಅನುಭವ ಅವರಿಗೆ, ನಿಮ್ಮ ಕೆಲಸದ ದಾಖಲೆ ನಿಮಗೆ ಬೆಳೆಯುತ್ತದೆ. ಮೂರನೆಯದು ಮೊದಲ ಹಂತದಲ್ಲಿ ಹೇಳಿದ ಸಾದಾ ದೇಣಿಗೆ.

ಕೇಳುವುದು ಯಾವಾಗ, ಬಂದ ಮೇಲೆ ಏನು

ಏಪ್ರಿಲ್‌ನಿಂದ ಮಾರ್ಚ್ ಅವರ ವರ್ಷ. ಸಿಎಸ್‌ಆರ್ ಸಮಿತಿ ವಾರ್ಷಿಕ ಕ್ರಿಯಾಯೋಜನೆ ಮಾಡಿ ಮಂಡಳಿಗೆ ಕೊಡುತ್ತದೆ, ಅದರಲ್ಲಿ ನಿಮ್ಮ ಯೋಜನೆ ಸೇರಬೇಕಾದರೆ ಜನವರಿ, ಫೆಬ್ರವರಿಯಲ್ಲೇ ಮಾತು ಶುರುವಾಗಿರಬೇಕು. ಮಾರ್ಚ್‌ನಲ್ಲಿ ಉಳಿದ ಹಣ ಸಿಗಬಹುದು ಎಂದು ಕೊನೆ ವಾರ ಹೋಗುವವರಿದ್ದಾರೆ. ಈಗ ಅದು ಕಷ್ಟ. ನಿಮ್ಮ ಖಾತೆಗೆ ಹಣ ಹಾಕಿದ ಮಾತ್ರಕ್ಕೆ ಕಂಪನಿ 'ಖರ್ಚಾಯಿತು' ಎಂದು ತೋರಿಸುವಂತಿಲ್ಲ, ನೀವು ಅದನ್ನು ಕೆಲಸಕ್ಕೆ ಬಳಸಿರಬೇಕು, ಬಳಸಿದ್ದೀರಿ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕು. ಬಹುವರ್ಷದ ಯೋಜನೆಯಾದರೆ ಉಳಿದ ಹಣ ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹೋಗುತ್ತದೆ, ಅದನ್ನು ಮೂರು ವರ್ಷದೊಳಗೆ ಖರ್ಚು ಮಾಡಬೇಕು. ಅದಕ್ಕೇ ನಿಮ್ಮ ಯೋಜನೆ ಒಂದು ವರ್ಷದ್ದೋ ಮೂರು ವರ್ಷದ್ದೋ ಎಂದು ಪ್ರೊಪೋಸಲ್‌ನಲ್ಲೇ ತಿಳಿಸಿ.

ಹಣ ಬಂದ ದಿನವೇ ಮಾಡಬೇಕಾದ್ದು ಇಷ್ಟು. ಲೆಕ್ಕದಲ್ಲಿ ಆ ಯೋಜನೆಗೆ ಬೇರೆ ಲೆಡ್ಜರ್ ತೆರೆಯಿರಿ, ಸಾಧ್ಯವಾದರೆ ಬೇರೆ ಬ್ಯಾಂಕ್ ಖಾತೆ. ಪ್ರತಿ ಬಿಲ್ಲಿನ ಮೇಲೆ ಯೋಜನೆಯ ಹೆಸರು ಬರೆಯಿರಿ. ಕೊಂಡ ಸಾಮಾನಿಗೆ ಆಸ್ತಿ ಪುಸ್ತಕ ಇಡಿ, ಅದು ಯಾರ ಹೆಸರಿನಲ್ಲಿದೆ ಎಂದು ನಮೂದಿಸಿ. ಮೂರು ತಿಂಗಳಿಗೊಮ್ಮೆ ಆಡಿಟರ್ ಸಹಿಯ ಬಳಕೆ ಪ್ರಮಾಣಪತ್ರವನ್ನು ಅವರು ಕೇಳುವ ಮೊದಲೇ ಕಳಿಸಿ. ವರ್ಷ ಮುಗಿದ ಮೇಲೆ ಮೇ 31ರೊಳಗೆ ದಾನಿಗಳ ವಿವರದ ಫಾರ್ಮ್ 10ಬಿಡಿ ಸಲ್ಲಿಸಿ, ಕಂಪನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುತ್ತದೆ. ಮತ್ತೆ ಆ ಫ್ರೇಮ್ ಹಾಕಿದ 80ಜಿ ಆದೇಶದ ಕೆಳಗೆ, ನವೀಕರಣದ ಅರ್ಜಿ ಹಾಕಬೇಕಾದ ತಾರೀಖನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಅದನ್ನು ನೋಡಿಕೊಳ್ಳುವವರ ಹೆಸರನ್ನೂ ಪಕ್ಕದಲ್ಲೇ ಬರೆಯಿರಿ. ಸಂಜೆ ಶಾಲೆಯವರು ಈಗ ಹಾಗೇ ಮಾಡಿದ್ದಾರೆ.